ಆ ಸೈಕಲ್ಲಿಗೆ ಲೈಟಿತ್ತು

ನಗೋರು ಈಗಲೇ ನಕ್ಕು ಮುಗಿಸಿಬಿಡಿ. ನಾನು ಶುರು ಮಾಡಿದ ಮೇಲೆ ನಡುವೆ ಬಾಯಿ ಹಾಕಬೇಡಿ. ಇದು ಯಾರೋ ಯಾರಿಗೋ ಹೇಳಿ, ಅವರು ಇನ್ಯಾರಿಗೋ ಹೇಳಿದ ಮಾತಲ್ಲ. ನನ್ನ ಸ್ವಂತ ದೊಡ್ಡಪ್ಪನ ಮಗಳಿಗೆ ಆಗಿದ್ದು.

ಅವತ್ತು ರಾತ್ರಿ ಅಕ್ಕ ಯೂನಿವರ್ಸಿಟಿ ಲ್ಯಾಬಿನಿಂದ ಹಾಸ್ಟೆಲಿಗೆ ನಡಕೊಂಡು ಹೋಗ್ತಿದ್ಲು. ಸೈಕಲ್ ಇತ್ತು. ಇದ್ದೂ ನಡಕೊಂಡು ಹೋಗ್ತಿದ್ಲು. ಹಲ್ಲು ಕಡೀತಾ.

ಜಾಗ ಹೆಂಗಿದೆ ಅಂತ ಮೊದಲೇ ಹೇಳಿಬಿಡ್ತೀನಿ. ಕೆಳಗಡೆ ಲೈಬ್ರರಿ, ಲ್ಯಾಬುಗಳು, ಅದರ ಪಕ್ಕ ಸೈಕಲ್ ಸ್ಟ್ಯಾಂಡು. ಅಲ್ಲಿಂದ ರಸ್ತೆ ಏರ್ತಾ ಹೋಗುತ್ತೆ. ಮೇಲೆ ತುದೀಲಿ ಹಾಸ್ಟೆಲು. ನಡುವೆ ಒಂದು ತಿರುವು. ಆ ತಿರುವಲ್ಲಿ ಒಂದು ಹಳೇ ಬಾವಿ. ಸೊಂಟದೆತ್ತರ ಕಲ್ಲಿನ ಕಟ್ಟೆ, ಮೇಲೆ ತುಕ್ಕು ಹಿಡಿದ ಜಾಲರಿ. ದೆವ್ವ ಅಂದ್ರೆ ಎಲ್ಲರೂ ಬಾವಿ ಕಡೆ ಕೈ ತೋರಿಸ್ತಾರೆ. ಪಾಪ, ಆ ಬಾವಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಅದು ಅಲ್ಲಿತ್ತು, ಅಷ್ಟೆ.

ಬಾವಿ ಹತ್ರ ಬರ್ತಿದ್ದಂಗೆ ಹಿಂದಿನಿಂದ ಸದ್ದು.

ಟಿಕ್... ಟಿಕ್... ಟಿಕ್... ಟಿಕ್...

ಸೈಕಲ್ಲನ್ನ ತಳ್ಕೊಂಡು ನಡೆದ್ರೆ ಹಿಂದಿನ ಚಕ್ರದಿಂದ ಬರುತ್ತಲ್ಲ, ಆ ಸದ್ದು. ತುಳಿಯೋವಾಗ ಬರಲ್ಲ, ತಳ್ಳೋವಾಗ ಬರುತ್ತೆ. ಏರು ರಸ್ತೆ, ಯಾರೋ ಸುಸ್ತಾಗಿ ಇಳಿದು ತಳ್ತಿದಾರೆ ಅನ್ಕೊಂಡ್ಲು. ಅಕ್ಕ ನಿಂತ್ಲು. ಸದ್ದೂ ನಿಂತ್ಕೊಳ್ತು. ನಡೆದ್ಲು. ಟಿಕ್... ಟಿಕ್... ತಿರುಗಿ ನೋಡಿದ್ಲು. ರಸ್ತೆ ಖಾಲಿ. ದೂರದಲ್ಲಿ ಸ್ಟ್ಯಾಂಡಿನ ಟ್ಯೂಬ್‌ಲೈಟು ಮಿಟುಕ್ತಾ ಇತ್ತು.

ಬೇರೆಯವರಾಗಿದ್ರೆ ಓಡ್ತಿದ್ರು. ನಮ್ಮಕ್ಕ ಓಡಲ್ಲ. ಮನೇಲಿ ಅವಳಿಗೆ ಬೆಂಕಿಪೊಟ್ಟಣ ಅಂತಲೇ ಹೆಸರು. ಗೀರಿದ್ರೆ ಸಾಕು. ಅವತ್ತಂತೂ ಮೊದಲೇ ಹತ್ತಿ ಉರೀತಿದ್ಲು.

"ಯಾರ್ರೀ ಅದು? ಬರೋದಾದ್ರೆ ಮುಂದೆ ಬನ್ನಿ."

ಆಗ ಕಿವಿ ಪಕ್ಕದಲ್ಲೇ... ಹೆಣ್ಣು ದನಿ. ಪಿಸುಮಾತು. ಏರು ಹತ್ತಿ ಬಂದವರ ಹಾಗೆ ಏದುಸಿರು.

"ಬದಿಗೆ ಬನ್ನಿ ಅಕ್ಕ..."

ಅಕ್ಕ ಬದಿಗೆ ಬಂದ್ಲು. ಯಾಕೆ ಬಂದೆ ಅಂತ ಇವತ್ತಿಗೂ ಅವಳಿಗೆ ಗೊತ್ತಿಲ್ಲ. ಕಾಲು ತಾನಾಗೇ ಹೋಗಿ ಬಾವಿಕಟ್ಟೆಗೆ ಅಂಟ್ಕೊಂಡ್ತು. ಅದೇ ಕ್ಷಣಕ್ಕೆ ಮೇಲಿಂದ ಏನೋ ಇಳೀತು. ಕಪ್ಪಗೆ, ದೊಡ್ಡದಾಗಿ. ಇಂಜಿನ್ ಸದ್ದಿಲ್ಲ. ದೀಪ ಇಲ್ಲ. ಟೈರಿನ ಕೆಳಗೆ ಜಲ್ಲಿ ಚರಚರ ಅನ್ನೋದಷ್ಟೆ. ಅವಳ ಹೆಗಲ ಚೀಲ ಸವರ್ಕೊಂಡು ಹೋಗಿಬಿಡ್ತು.

ಜೀಪು. ಸೆಕ್ಯುರಿಟಿ ಆಫೀಸರ ಜೀಪು.

ಅಕ್ಕ ಹಿಂದಿನಿಂದ ಕೂಗಿದ್ಲು. ಏನು ಕೂಗಿದ್ಲು ಅಂತ ಮಕ್ಕಳ ಮುಂದೆ ಹೇಳೋಕಾಗಲ್ಲ. ಜೀಪು ನಿಲ್ಲಲಿಲ್ಲ. ಅದು ಮರೆಯಾದ ಮೇಲೆ ಅವಳಿಗೆ ನೆನಪಾಯ್ತು... ಬದಿಗೆ ಬಾ ಅಂದೋರು ಯಾರು? ಸುತ್ತ ನೋಡಿದ್ರೆ ಯಾರೂ ಇಲ್ಲ. ಟಿಕ್ ಟಿಕ್ ಕೂಡ ಇಲ್ಲ.

ಈಗ ಈ ಸಾಹೇಬರ ವಿಷಯ. ಎದುರಿಗೆ ಎಲ್ಲರೂ ಸಾಹೇಬ್ರೇ ಅಂತಿದ್ರು, ಬೆನ್ನ ಹಿಂದೆ ವಾಲ್‌ಟ್ಯೂಬ್ ಅಂತಿದ್ರು. ಯಾಕಂದ್ರೆ ಸ್ಟ್ಯಾಂಡು ಬಿಟ್ಟು ಬೇರೆ ಕಡೆ ಸೈಕಲ್ ನಿಲ್ಲಿಸಿದ್ರೆ ಇವರ ಹುಡುಗರು ಬಂದು, ಚಕ್ರದ ಗಾಳಿ ಹೋಗೋ ಹಂಗೆ, ವಾಲ್‌ಟ್ಯೂಬ್ ಕಿತ್ಕೊಂಡು ಹೋಗ್ತಿದ್ರು. ಮರಕ್ಕೋ ಕಂಬಿಗೋ ಕಟ್ಟಿದ್ರೆ ಚೈನು ಕತ್ತರಿಸಿ ಸೈಕಲ್ಲೇ ಎತ್ಕೊಂಡು ಹೋಗ್ತಿದ್ರು. ಹೋಗಲಿ, ಸ್ಟ್ಯಾಂಡಲ್ಲಿ ಜಾಗ ಇದೆಯಾ? ಇಲ್ಲ. ಇರೋ ಕಂಬಿಗಳಲ್ಲಿ ಅರ್ಧ ಮುರಿದಿವೆ. ಬರೀ ಚಕ್ರಕ್ಕೆ ಬೀಗ ಹಾಕಿ ಬಿಟ್ರೆ ಕಳ್ಳರು ಸೈಕಲ್ಲನ್ನ ಹೆಗಲ ಮೇಲೆ ಹೊತ್ಕೊಂಡು ಹೋಗ್ತಾರೆ. ಅಕ್ಕನ ಹಳೇ ಸೈಕಲ್ಲಿನ ಮುಂದಿನ ಚಕ್ರ ಹಂಗೇ ಹೋಗಿತ್ತು. ದೂರು ಕೊಡೋಕೆ ಹೋದ್ರೆ ಸಾಹೇಬರು ಏನಂದ್ರು ಗೊತ್ತಾ? "ಉಳಿದಿದ್ದು ಜೋಪಾನ ಮಾಡ್ಕೊಳ್ಳಮ್ಮ" ಅಂದ್ರಂತೆ.

ಇನ್ನೊಂದು ಅವರ ಶೋಕಿ ಇತ್ತು. ರಾತ್ರಿ ಲೈಟಿಲ್ಲದೆ ಸೈಕಲ್ ಓಡಿಸೋರನ್ನ ಹಿಡಿಯೋದು. ಹೆಂಗೆ ಹಿಡೀತಿದ್ರು? ಏರಿನ ಮೇಲೆ ಜೀಪಿನ ಇಂಜಿನ್ ಆಫ್ ಮಾಡಿ, ಲೈಟ್ ಆರಿಸಿ, ಸದ್ದಿಲ್ಲದೆ ಇಳಿಜಾರಲ್ಲಿ ಜಾರಿಸ್ಕೊಂಡು ಬರೋದು. ಕೆಳಗೆ ಬಂದು ದಿಢೀರಂತ ಲೈಟ್ ಹಾಕೋದು. ಕತ್ತಲಲ್ಲಿ ಲೈಟಿಲ್ಲದೆ ಬರೋರನ್ನ ಹಿಡಿಯೋಕೆ ಇವರು ಕತ್ತಲಲ್ಲಿ ಲೈಟಿಲ್ಲದೆ ಬರೋರು. ಬೇಲಿನೇ ಎದ್ದು ಹೊಲ ಮೇಯ್ದಂಗೆ. ಹೇಳೋರಿಲ್ಲ, ಕೇಳೋರಿಲ್ಲ.

ಅಕ್ಕ ಅವತ್ತು ಯಾಕೆ ನಡಕೊಂಡು ಹೋಗ್ತಿದ್ಲು ಅಂದ್ರೆ... ಅವಳ ಸೈಕಲ್ಲಿಗೆ ಇನ್ಯಾರೋ ಬೀಗ ಹಾಕಿದ್ರು.

ಅವಳದು ಬೀಜದ ಲ್ಯಾಬು. ಪೆಟ್ಟಿಗೆಯೊಳಗೆ ಮೊಳಕೆ ಇಟ್ಟು ಹೊತ್ತು ಹೊತ್ತಿಗೆ ನೋಡ್ತಿರಬೇಕು, ಹಂಗಾಗಿ ಮುಗಿಯೋದು ತಡ. ಕೆಲಸ ಮುಗಿಸಿ ಸ್ಟ್ಯಾಂಡಿಗೆ ಬಂದು ತನ್ನ ಬೀಗ ತೆಗೆದು ಎಳೀತಾಳೆ, ಸೈಕಲ್ ಬರ್ತಿಲ್ಲ. ಬಗ್ಗಿ ನೋಡಿದ್ರೆ ಮುಂದಿನ ಚಕ್ರಕ್ಕೂ ಕಂಬಿಗೂ ಸೇರಿಸಿ ಇನ್ನೊಂದು ಚೈನು. ಬೀಗ ಬಿದ್ದಿದೆ. ಚೈನಿನ ಮೇಲೆ ಬಟ್ಟೆಯ ಗವಸು. ಸೈಕಲ್ಲಿನ ಬಣ್ಣ ಕೆರೀಬಾರ್ದು ಅಂತ ಯಾರೋ ನೀಲಿ ಚೌಕಳಿ ಬಟ್ಟೇನ ಕೊಳವೆ ಥರ ಹೊಲಿದು ಚೈನಿಗೆ ತೊಡಿಸಿದ್ರು. ಹೊಲಿಗೆ ಎಷ್ಟು ಸಣ್ಣ, ಎಷ್ಟು ನೇರ ಅಂದ್ರೆ... ಸಿಟ್ಟಲ್ಲೂ ಅಕ್ಕ ಅದನ್ನ ಗಮನಿಸಿದ್ಲು.

ವಾಲ್‌ಟ್ಯೂಬಿನ ಹೊಸ ಆಟ ಇದು ಅನ್ಕೊಂಡ್ಲು.

ಬೆಳಗ್ಗೆ ಎದ್ದೋಳೇ ನೇರ ಅವರ ಆಫೀಸಿಗೆ. ಸಾಹೇಬರು ಟೀ ಕುಡೀತಾ ಕೂತಿದ್ರು.

"ನನ್ನ ಸೈಕಲ್ಲಿಗೆ ಬೀಗ ಯಾಕೆ ಹಾಕಿದೀರ? ಸ್ಟ್ಯಾಂಡಲ್ಲೇ ನಿಲ್ಲಿಸಿದ್ದೆ. ಮತ್ತೆ ನಿನ್ನೆ ರಾತ್ರಿ ನನ್ನ ಮೇಲೇ ಜೀಪು ಹತ್ತಿಸ್ತಿದ್ರಿ."

"ನೋಡಿ ತಂಗಿ, ಹೊತ್ತಲ್ಲದ ಹೊತ್ತಲ್ಲಿ ರಸ್ತೆ ಮಧ್ಯೆ ನಡೆದ್ರೆ ನಾವೇನು ಮಾಡೋಕಾಗುತ್ತೆ?"

"ಲೈಟ್ ಹಾಕೋಕಾಗುತ್ತೆ."

ಸಾಹೇಬರು ಕಪ್ಪು ಕೆಳಗಿಟ್ರು. "ಬೀಗ ನಾವು ಹಾಕಿಲ್ಲ. ಬನ್ನಿ, ತೋರಿಸಿ."

ಇಬ್ಬರು ಹುಡುಗರನ್ನ ಕರ್ಕೊಂಡು, ಕಟರ್ ತಗೊಂಡು ಬಂದ್ರು. ಮುಖದಲ್ಲಿ ಒಂದು ಸಣ್ಣ ನಗು ಇತ್ತಂತೆ. ಸ್ಟ್ಯಾಂಡಿಗೆ ಬಂದು ಬಗ್ಗಿದ್ರು. ನೀಲಿ ಗವಸು ನೋಡಿದ್ರು... ನಗು ಹಂಗೇ ಮುಖದ ಮೇಲೆ ಹೆಪ್ಪುಗಟ್ಟಿಬಿಡ್ತು.

"ಕತ್ತರಿಸ್ರೋ," ಅಂದ್ರು. "ಬೇಗ."

ಕಟರು ಎರಡು ಸಲ ಜಾರ್ತು. ಮೂರನೇದಕ್ಕೆ ಕಟಾರ್ ಅಂತ ಚೈನು ತುಂಡಾಯ್ತು. ಸಾಹೇಬರು ತುಂಡಾದ ಚೈನನ್ನ ತಾವೇ ಜೇಬಿಗೆ ತುರುಕ್ಕೊಂಡು ಹೋದ್ರು. ಒಂದು ಚೈನಿಗೆ ಇಷ್ಟು ಯಾಕೆ ಹೆದರ್ತಾರೆ ಇವರು ಅಂತ ಅಕ್ಕನಿಗೆ ಆಗಲೇ ಅನ್ನಿಸಿತ್ತು.

ಅವತ್ತು ಸಂಜೆ ಅವಳು ಸೈಕಲ್ಲನ್ನ ಅದೇ ಕೊನೇ ಕಂಬಿಗೆ ಕಟ್ಟಿದ್ಲು. ಕೆಲಸ ಮುಗಿಸಿ ಬಂದು ನೋಡ್ತಾಳೆ...

ನೀಲಿ ಗವಸು. ಅದೇ ಚೈನು. ಕತ್ತರಿಸಿದ ಗುರುತಿಲ್ಲ. ಹೊಲಿಗೆಯ ಒಂದು ನೂಲೂ ಎದ್ದಿಲ್ಲ.

ಮುಟ್ಟಿ ನೋಡಿದ್ಲು. ಬೇಸಿಗೆ ರಾತ್ರಿ, ಕಂಬಿ ಕೂಡ ಬೆಚ್ಚಗಿತ್ತು. ಆ ಚೈನು ಮಾತ್ರ ತಣ್ಣಗೆ. ಈಗ ತಾನೇ ನೀರಿಂದ ತೆಗೆದಂಗೆ.

ಸ್ಟ್ಯಾಂಡು ಕಾಯೋರೊಬ್ಬರಿದ್ರು, ಎಲ್ಲರೂ ಅವರನ್ನ ಮಾಮ ಅಂತಿದ್ರು. ಕಿರುಮೀಸೆ, ಯಾವಾಗಲೂ ಕೊರಳಿಗೊಂದು ಟವೆಲ್ಲು. ಅವರು ದೂರದಲ್ಲಿ ಸ್ಟೂಲಿನ ಮೇಲೆ ಕೂತು ಅಕ್ಕನ್ನೇ ನೋಡ್ತಿದ್ರು. ಅಕ್ಕ ನೆಟ್ಟಗೆ ಅವರ ಮುಂದೆ ಹೋಗಿ ನಿಂತ್ಲು.

"ಯಾರು ಹಾಕಿದ್ದು ಮಾಮ?"

"ಮೆತ್ತಗೆ ಮಾತಾಡಮ್ಮ."

"ಯಾರು?"

ಮಾಮ ಆ ಕಡೆ ಈ ಕಡೆ ನೋಡಿದ್ರು. "ಅದು ಆ ಹುಡುಗೀದು... ಹೋದ ವರ್ಷ ತಿರುವಲ್ಲಿ ಹೋಯ್ತಲ್ಲ, ಆ ಮಗು. ಇದೇ ಕೊನೇ ಕಂಬಿಗೆ ಕಟ್ತಿತ್ತು. ಇದೇ ಚೈನಲ್ಲಿ."

ಆ ವಿಷಯ ಅಕ್ಕನಿಗೂ ಗೊತ್ತಿತ್ತು. ಮೊದಲ ವರ್ಷದ ಹುಡುಗಿ, ಲೈಬ್ರರಿ ಮುಚ್ಚಿದ ಮೇಲೆ ಹಾಸ್ಟೆಲಿಗೆ ಏರು ಹತ್ತೋವಾಗ ಜೀಪಿಗೆ ಸಿಕ್ಕಿದ್ಲು. ವಿಚಾರಣೆ ಅಂತ ಒಂದು ಮಾಡಿದ್ರು. ಸೈಕಲ್ಲಿಗೆ ಲೈಟಿರಲಿಲ್ಲ, ತಪ್ಪು ಹುಡುಗೀದೇ ಅಂತ ಷರಾ ಬರೆದು ಮುಗಿಸಿದ್ರು. ಅದನ್ನೇ ಹೇಳಿ ಈ ವರ್ಷ ಬಂದ ಹೊಸಬರಿಗೆ ಬುದ್ಧಿ ಬೇರೆ ಹೇಳ್ತಿದ್ರು. ಲೈಟಿಲ್ಲದೆ ಓಡಿಸಿದ್ರೆ ಏನಾಗುತ್ತೆ ನೋಡಿ, ಅಂತ.

"ಲೈಟಿರಲಿಲ್ಲ ಅಂದ್ರಲ್ಲ," ಅಂದ್ಲು ಅಕ್ಕ.

ಮಾಮ ಟವೆಲ್ಲಿಂದ ಬಾಯಿ ಒರೆಸ್ಕೊಂಡ್ರು. ಒರೆಸ್ತಾನೇ ಇದ್ರು.

"ಮಾಮ. ಲೈಟಿತ್ತಾ?"

"ಇಲ್ಲಿಂದ ಹೊರಡೋವಾಗ ನಾನೇ ನೋಡ್ದೆ... ಡೈನಮೋ ಒತ್ತಿ, ಒಂದ್ಸಲ ಚಕ್ರ ತಿರುಗಿಸಿ ನೋಡಿ, ಲೈಟ್ ಬಂದ ಮೇಲೇ ಹತ್ತಿದ್ದು. ದಿನಾ ಹಂಗೇ ಮಾಡ್ತಿತ್ತು."

"ಮತ್ತೆ ಹೇಳಲಿಲ್ಲ ಯಾಕೆ?"

"ನನಗೂ ಮನೆ ಇದೆಯಮ್ಮ."

"ಅವಳಿಗಿರಲಿಲ್ವಾ ಮನೆ?"

ಅವಳ ಸೈಕಲ್ಲೆಲ್ಲಿ ಅಂತ ಕೇಳಿದ್ದಕ್ಕೆ ಮಾಮ ಗಲ್ಲ ಎತ್ತಿ ಪಂಪ್‌ಹೌಸಿನ ಹಿಂದಿನ ಶೆಡ್ಡಿನ ಕಡೆ ತೋರಿಸಿದ್ರು. ಅದರ ಬೀಗದ ಕೈ ಸಾಹೇಬರ ಹತ್ರ ಮಾತ್ರ ಇತ್ತಂತೆ. ಆ ಹುಡುಗಿಯ ತಾಯಿ ಎಷ್ಟೋ ಸಲ ಬಂದು ಸೈಕಲ್ ಕೊಡಿ ಅಂತ ಕೇಳಿದ್ರಂತೆ. ಇವತ್ತು ಬಾ, ನಾಳೆ ಬಾ. ಕಲ್ಲಿಗೆ ಹೇಳಿದಂಗೆ.

ಅವತ್ತೂ ಅಕ್ಕ ನಡಕೊಂಡೇ ಹೋದ್ಲು. ಟಿಕ್ ಟಿಕ್ ಜೊತೇಲೇ ಬಂತು. ಅವಳು ತಿರುಗಿ ನೋಡಲಿಲ್ಲ. ಬಾವಿ ದಾಟೋವಾಗ ಮೆಲ್ಲಗೆ ಅಂದ್ಲಂತೆ... "ನನಗೂ ಸಿಟ್ಟು ಬಂದಿದೆ ಪುಟ್ಟ. ನಡಿ."

ಮಾರನೇ ದಿನ ಹುಡುಕ್ಕೊಂಡು ಆ ತಾಯಿಯ ಹತ್ರ ಹೋದ್ಲು. ಊರ ನಡುವೆ ಕಿರಿದಾದ ಬೀದಿ, ಒಂದೇ ಬಾಗಿಲಿನ ಟೈಲರ್ ಅಂಗಡಿ. ಮಿಷಿನ್ನಿನ ಹಿಂದೆ ಒಬ್ಬರು ಹೆಂಗಸು. ಕೊರಳಲ್ಲಿ ಅಳತೆ ಟೇಪು, ತುಟಿಯಲ್ಲಿ ಗುಂಡುಸೂಜಿ. ಗೋಡೆಗೆ ಒರಗಿಸಿದ ಬಟ್ಟೆ ತುಂಡುಗಳಲ್ಲಿ ಅಕ್ಕನಿಗೆ ಆ ನೀಲಿ ಚೌಕಳಿ ಕಾಣಿಸ್ತು.

ಹೇಗೆ ಹೇಳೋದು ಇದನ್ನ? ಅಕ್ಕ ಸುತ್ತಿ ಬಳಸಲಿಲ್ಲ. ಇದ್ದಿದ್ದು ಇದ್ದಂಗೆ ಹೇಳಿದ್ಲು. ಚೈನು, ದನಿ, ಜೀಪು, ಮಾಮ. ಆಯಮ್ಮ ಮಿಷಿನ್ ನಿಲ್ಲಿಸಲಿಲ್ಲ. ಟಕಟಕಟಕ ಅಂತ ಒಂದು ತೋಳು ಪೂರ್ತಿ ಹೊಲಿದು, ನೂಲು ಹಲ್ಲಲ್ಲಿ ಕಡಿದು, ಆಮೇಲೆ ತಲೆ ಎತ್ತಿದ್ರು. ಕಣ್ಣಲ್ಲಿ ನೀರಿರಲಿಲ್ಲ ಅಂತಾಳೆ ಅಕ್ಕ. ಕೆಂಡ ಇತ್ತು.

"ಡೈನಮೋ ನಾನೇ ಹಾಕಿಸಿಕೊಟ್ಟಿದ್ದು," ಅಂದ್ರು. "ಸೆಲ್ಲಿನ ಲೈಟು ನಡುವೆ ಕೈ ಕೊಡುತ್ತೆ, ಇದಾದ್ರೆ ತುಳಿಯೋವರೆಗೂ ಉರಿಯುತ್ತೆ ಅಂತ. ಅವಳು ಲೈಟ್ ಹಾಕದೆ ಹೊರಡೋಳಲ್ಲ. ನಾನು ಹೇಳ್ದೆ. ಎಲ್ಲರಿಗೂ ಹೇಳ್ದೆ. ಹೆತ್ತೋಳು ಹಂಗೇ ಹೇಳ್ತಾಳೆ ಅಂದ್ರು."

ಮಿಷಿನ್ನಿನ ಡ್ರಾಯರ್ ಎಳೆದು, ಗುಂಡಿಗಳ ಡಬ್ಬಿಯಿಂದ ಒಂದು ಪುಟ್ಟ ಬೀಗದ ಕೈ ತೆಗೆದ್ರು.

"ಇನ್ನೊಂದು ಅವಳ ಹತ್ರ ಇತ್ತು. ಇದು ಮನೇಲಿಟ್ಟಿದ್ದು. ಇವತ್ತು ಸಂಜೆ ನಾನೂ ಬರ್ತೀನಮ್ಮ."

"ಬನ್ನಿ ಅಮ್ಮ," ಅಂದ್ಲು ಅಕ್ಕ.

ಸಂಜೆ ಇಬ್ಬರೂ ಸ್ಟ್ಯಾಂಡಲ್ಲಿ ಕೂತ್ರು. ಅಕ್ಕನ ಸೈಕಲ್ಲು ಕೊನೇ ಕಂಬಿಗೆ. ಹಿಂದಿನ ರಾತ್ರಿಯ ಚೈನು ಬೆಳಗಾಗೋಷ್ಟರಲ್ಲಿ ತಾನಾಗೇ ಮಾಯವಾಗಿತ್ತು. ಆಯಮ್ಮ ಕಂಬಿಗಳನ್ನೇ ನೋಡ್ತಿದ್ರು... ಮಗಳು ದಿನಾ ಕೈ ಇಡ್ತಿದ್ದ ಜಾಗ. ಮಾಮ ಬಂದು ದೂರದಲ್ಲಿ ನಿಂತು, ಹತ್ರ ಬರೋಕೆ ಧೈರ್ಯ ಸಾಲದೆ ಹೋದ್ರು. ಕತ್ತಲಾಯ್ತು. ಒಬ್ಬೊಬ್ಬರೇ ಬಂದು ತಂತಮ್ಮ ಸೈಕಲ್ ತಗೊಂಡು ಹೋದ್ರು. ಲೈಬ್ರರಿ ಮುಚ್ಚೋ ಗಂಟೆ ಹೊಡೀತು. ಢಣ್... ಢಣ್...

ಅಕ್ಕ ಗಂಟೆ ಕಡೆ ತಿರುಗಿ, ಮತ್ತೆ ಈ ಕಡೆ ತಿರುಗಿದ್ಲು ಅಷ್ಟೆ.

ಚಕ್ರಕ್ಕೆ ಚೈನು ಬಿದ್ದಿತ್ತು.

ಆಯಮ್ಮ ಎದ್ರು. ಗವಸಿನ ಮೇಲೆ ಬೆರಳಾಡಿಸಿದ್ರು. ತಮ್ಮದೇ ಹೊಲಿಗೆ. ಬೀಗದ ಕೈ ಹಾಕಿ ತಿರುಗಿಸಿದ್ರು. ಕಟಕ್. ಸಲೀಸಾಗಿ ತೆರ್ಕೊಳ್ತು. ಚೈನನ್ನ ಮಡಚಿ ಎದೆಗಿಟ್ಕೊಂಡು, ಯಾರಿಗೋ ಹೇಳಿದಂಗೆ ಪಿಸುಗುಟ್ಟಿದ್ರು.

"ಹೊರಡು ಪುಟ್ಟಿ. ನಾನಿದ್ದೀನಿ."

ಸ್ವಲ್ಪ ಹೊತ್ತು ಏನೂ ಇಲ್ಲ. ಲೈಬ್ರರಿಯಿಂದ ಹುಡುಗರು ಹುಡುಗೀರು ಮಾತಾಡ್ತಾ ಹೊರಗೆ ಬರ್ತಿದ್ರು. ಆಮೇಲೆ... ಖಟ್. ಸೈಕಲ್ಲಿನ ಸ್ಟ್ಯಾಂಡು ಕಾಲಲ್ಲಿ ಒದ್ದು ಎತ್ತಿದ ಸದ್ದು. ಹಿಂದೇನೇ ಡೈನಮೋ ಟೈರಿಗೆ ಒತ್ತಿದ ಸದ್ದು. ಟಕ್. ಆಮೇಲೆ ಗುಂಯ್... ಗುಂಯ್... ಏರಿನಲ್ಲಿ ನಿಧಾನಕ್ಕೆ ತುಳಿದ್ರೆ ಬರುತ್ತಲ್ಲ, ಒಂದು ತುಳಿತಕ್ಕೆ ಒಂದು ಗುಂಯ್.

ರಸ್ತೆ ಮೇಲೆ ಒಂದು ಹಳದಿ ಬೆಳಕು ಹೊರಡ್ತು. ತುಳಿತಕ್ಕೆ ತಕ್ಕಂಗೆ ಹೆಚ್ಚಾಗ್ತಾ, ಕಮ್ಮಿ ಆಗ್ತಾ. ಬೆಳಕಿನ ಹಿಂದೆ ಯಾರೂ ಇಲ್ಲ.

ಮಾತಾಡ್ತಿದ್ದೋರೆಲ್ಲ ನಿಂತ್ಕೊಂಡ್ರು. ಒಬ್ಬಿಬ್ಬರಲ್ಲ, ಅಷ್ಟೂ ಜನ ನೋಡಿದ್ರು. ಆಯಮ್ಮ ಅಕ್ಕನ ಮಣಿಕಟ್ಟು ಹಿಡ್ಕೊಂಡ್ರು. ಹಿಡಿತಕ್ಕೆ ಅಕ್ಕನ ಬಳೆ ಚರ್ಮದೊಳಗಿಳೀತು.

"ಲೈಟ್ ಹಾಕಿದಾಳೆ. ನೋಡಮ್ಮ. ಹಾಕಿದಾಳೆ."

ಬೆಳಕು ತಿರುವಿನ ಹತ್ರ ಹೋಯ್ತು. ಆಗ ಮೇಲಿಂದ... ಚರಚರ... ಚರಚರ. ಅಕ್ಕನಿಗೆ ಗೊತ್ತಿದ್ದ ಸದ್ದು. ಇಂಜಿನ್ನಿಲ್ಲ, ದೀಪ ಇಲ್ಲ. ಅವತ್ತೂ ಬಿಟ್ಟಿರಲಿಲ್ಲ ಆ ಮನುಷ್ಯ. ಒಂದು ಜೀವ ತೆಗೆದ ಮೇಲೂ, ನಮ್ಮಕ್ಕನ ಜೀವ ಕೂದಲೆಳೇಲಿ ಉಳಿದ ಮೇಲೂ.

ಬೆಳಕು ರಸ್ತೆ ಬಿಡಲಿಲ್ಲ. ನೆಟ್ಟಗೆ ಹೋಯ್ತು.

ಕೀಈಈ... ಅಂತ ಟೈರು ಕಿರುಚ್ತು. ಆಮೇಲೆ ಧಡ್. ಕಲ್ಲು ಉದುರಿದ ಸದ್ದು, ಗಾಜು ಚಿಲ್ ಅಂದ ಸದ್ದು. ಜೀಪು ಬಾವಿಕಟ್ಟೆಗೆ ಗುದ್ದಿ ನಿಂತಿತ್ತು. ಎಲ್ಲರೂ ಓಡಿದ್ರು. ಹಳದಿ ಬೆಳಕು ಯಾವ ಗಡಿಬಿಡಿನೂ ಇಲ್ಲದೆ ಏರು ಹತ್ತಿ, ಹಾಸ್ಟೆಲ್ ಕಡೆ ತಿರುಗಿ, ಮರೆಯಾಯ್ತು.

ಸಾಹೇಬರಿಗೆ ಹಣೆ ಮೇಲೆ ಸಣ್ಣ ಗಾಯ, ಅಷ್ಟೆ. ಇಳಿದು ಕಟ್ಟೆ ಹಿಡ್ಕೊಂಡು ನಿಂತಿದ್ರು.

"ಎದುರಿಗೇ ಬಂತು... ಅದೇ ಲೈಟು. ಅದೇ ಲೈಟು."

ಆಯಮ್ಮ ಗುಂಪು ಸರಿಸಿ ಮುಂದೆ ಬಂದ್ರು. ದನಿ ಎತ್ತಲಿಲ್ಲ.

"ಯಾವ ಲೈಟು ಸಾರ್?"

"ಅವತ್ತು ಬಂದಿದ್ದು..."

ಅಂದ್ಬಿಟ್ರು. ಆಮೇಲೆ ಎದುರಿಗಿರೋರು ಯಾರು ಅಂತ ಗೊತ್ತಾಗಿ ಬಾಯಿ ಮುಚ್ಚಿದ್ರು. ಆದ್ರೆ ಮಾತು ಹೊರಗೆ ಬಿದ್ದಾಗಿತ್ತು.

"ಅವತ್ತು ಲೈಟಿತ್ತಾ?" ಆಯಮ್ಮ ಕೇಳಿದ್ರು.

ಜೀಪಿನಿಂದ ನೀರು ತೊಟ್ಟಿಕ್ತಿತ್ತು. ತಟ್... ತಟ್...

ಗುಂಪಿನ ಹಿಂದಿನಿಂದ ಒಬ್ಬರು ಮಾತಾಡಿದ್ರು. "ಇತ್ತು ತಾಯಿ. ನಾನು ನೋಡಿದ್ದೆ." ಮಾಮ. ಟವೆಲ್ಲು ಕೈಯಲ್ಲಿ ಮುದ್ದೆಯಾಗಿತ್ತು. "ನೋಡಿಯೂ ಬಾಯಿಗೆ ಬೀಗ ಹಾಕ್ಕೊಂಡಿದ್ದೆ."

ಆಯಮ್ಮ ಅವರನ್ನ ನೋಡಿದ್ರು. ಕ್ಷಮಿಸಿದೆ ಅಂತ ಹೇಳಲಿಲ್ಲ. ಬೈಯಲೂ ಇಲ್ಲ. "ಶೆಡ್ಡು ತೋರಿಸಿ," ಅಂದ್ರು, ಅಷ್ಟೆ.

ಅಕ್ಕ ಸಾಹೇಬರ ಮುಂದೆ ಕೈ ಚಾಚಿದ್ಲು. ಸಾಹೇಬರು ಬೀಗದ ಕೈ ಗೊಂಚಲು ಕೊಟ್ಟುಬಿಟ್ರು. ಎಲ್ಲರೂ ಪಂಪ್‌ಹೌಸಿನ ಹಿಂದಕ್ಕೆ ಹೋದ್ರು. ಬಾಗಿಲು ಕಿರ್ರ್ ಅಂತ ತೆರೀತು. ಒಳಗೆ ಹಳೇ ಕುರ್ಚಿಗಳ ಹಿಂದೆ ಗೋಣಿಚೀಲ ಹೊದಿಸಿ ಇಟ್ಟಿದ್ರು. ಮುಂದಿನ ಚಕ್ರ ಸೊಟ್ಟ, ಹ್ಯಾಂಡಲ್ಲು ತಿರುಚಿತ್ತು. ಆದ್ರೆ ಡೈನಮೋ... ಟೈರಿಗೆ ಒತ್ಕೊಂಡೇ ಇತ್ತು.

ಗೊತ್ತಾಯ್ತಲ್ಲ? ಲೈಟ್ ಬೇಡ ಅಂದ್ರೆ ಡೈನಮೋನ ಟೈರಿಂದ ಎತ್ತಿರ್ತಾರೆ. ಒತ್ಕೊಂಡಿದೆ ಅಂದ್ರೆ ಲೈಟ್ ಉರೀತಿತ್ತು. ಸೈಕಲ್ ಒಮ್ಮೆ ಯಾರ ಕಣ್ಣಿಗಾದ್ರೂ ಬಿದ್ದಿದ್ರೆ ಅಲ್ಲಿಗೇ ಮುಗೀತಿತ್ತು. ಅದಕ್ಕೇ ವರ್ಷವಿಡೀ ಕತ್ತಲಲ್ಲಿಟ್ಟಿದ್ರು. ತಾಯಿ ಬಂದು ಬಂದು ಕೇಳಿದ್ರೂ ಕೊಡದೆ.

ಇಷ್ಟಾದ ಮೇಲೂ ದೊಡ್ಡೋರು ಏನು ಮಾಡಿದ್ರು ಅಂತೀರ? ಸಾಹೇಬರಿಗೆ ರಜೆ ಕೊಟ್ಟು ಮನೇಲಿ ಕೂರಿಸಿದ್ರು. ರಾತ್ರಿ ಹೊತ್ತು ಇಳಿಜಾರಲ್ಲಿ ಸೈಕಲ್ ಓಡಿಸಬಾರದು ಅಂತ ಬೋರ್ಡು ಹಾಕಿದ್ರು. ಸೈಕಲ್ ಓಡಿಸಬಾರದು. ಜೀಪಲ್ಲ, ಸೈಕಲ್ಲು. ಆ ಬೋರ್ಡು ನೋಡಿದಾಗ ಅಕ್ಕನಿಗೆ ತಲೆ ಕೆಟ್ಟುಹೋಯ್ತು. ನನಗೆ ಈಗ ಹೇಳೋವಾಗಲೂ ಮೈ ಉರಿಯುತ್ತೆ.

ಮಾರನೇ ದಿನ ಬೆಳಗ್ಗೆ ಅಕ್ಕ ತನ್ನ ಸೈಕಲ್ಲನ್ನ ಆಡಳಿತ ಕಚೇರಿಯ ಗೇಟಿಗೆ ಅಡ್ಡ ನಿಲ್ಲಿಸಿ ಗೇಟಿನ ಸರಳಿಗೆ ಚೈನು ಹಾಕಿದ್ಲು. ಅವಳ ರೂಮಿನ ಗೆಳತಿ ಬಂದು ತನ್ನ ಸೈಕಲ್ಲನ್ನ ಅಕ್ಕನ ಸೈಕಲ್ಲಿಗೆ ಕಟ್ಟಿದ್ಲು. ಲೈಬ್ರರಿ ಮುಂದೆ ಬೆಳಕು ನೋಡಿದೋರು ಒಬ್ಬೊಬ್ಬರೇ ಬಂದ್ರು. ಒಂದರ ಚಕ್ರಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ಕಚೇರಿ ಸುತ್ತ ಸೈಕಲ್ಲಿನ ಕೋಟೆ. ಬೀಗದ ಕೈಗಳೆಲ್ಲ ಆಯಮ್ಮನ ಬಟ್ಟೆಚೀಲದಲ್ಲಿ. ಆಯಮ್ಮ ಮೆಟ್ಟಿಲ ಮೇಲೆ ಕೂತು, ಯಾರದೋ ಅಂಗಿಗೆ ಕಾಜ ಹೊಲೀತಿದ್ರು. ಕಟರ್ ತಗೊಂಡು ಬಂದ ಸೆಕ್ಯುರಿಟಿ ಹುಡುಗರು ಅವರ ಮುಖ ನೋಡಿ ಹಿಂದಕ್ಕೆ ಹೋದ್ರು. ಒಂದು ಕಾರೂ ಒಳಗೆ ಹೋಗಲಿಲ್ಲ, ಒಂದೂ ಹೊರಗೆ ಬರಲಿಲ್ಲ.

ಯಾರೋ ದೊಡ್ಡ ಅಧಿಕಾರಿ ನಡಕೊಂಡು ಬಂದು ಕೇಳಿದ್ರು. "ಪರಿಹಾರ ಎಷ್ಟು ಬೇಕಮ್ಮ?"

"ಅದನ್ನ ನಿಮ್ಮ ಹತ್ರಾನೇ ಇಟ್ಕೊಳ್ಳಿ," ಅಂದ್ರು ಆಯಮ್ಮ. ಸೂಜಿ ನಿಲ್ಲಲಿಲ್ಲ. "ನನ್ನ ಮಗಳು ಲೈಟ್ ಹಾಕಿದ್ಲು ಅಂತ ಹೇಳಿ. ಲೈಟ್ ಹಾಕದೆ ಬಂದೋನು ಯಾರು ಅಂತ ಹೇಳಿ. ಇಲ್ಲಿ ನಿಂತು, ಎಲ್ಲರಿಗೂ ಕೇಳೋ ಹಂಗೆ."

ದಿನಗಟ್ಟಲೆ ಎಳೆದಾಡಿದ್ರು. ಕೊನೆಗೆ ಒಂದು ಸಂಜೆ ಅದೇ ಅಧಿಕಾರಿ ಮೆಟ್ಟಿಲ ಮೇಲೆ ನಿಂತು ಮೈಕಲ್ಲಿ ಹೇಳಿದ್ರು. ಹುಡುಗಿಯ ಸೈಕಲ್ಲಿಗೆ ಲೈಟಿತ್ತು. ಜೀಪಿಗೆ ಇರಲಿಲ್ಲ. ತಪ್ಪು ನಮ್ಮದು. ದನಿ ತಗ್ಗಿದಾಗ ಅಕ್ಕ "ಇನ್ನೂ ಜೋರಾಗಿ" ಅಂದ್ಲಂತೆ. ಇನ್ನೊಂದ್ಸಲ ಹೇಳಿದ್ರು. ಆಯಮ್ಮ ಸೂಜಿ ಅಂಗಿಗೆ ಚುಚ್ಚಿಟ್ಟು, ಚೀಲ ತೆಗೆದು ಒಂದೊಂದೇ ಬೀಗದ ಕೈ ಹಂಚೋಕೆ ಶುರು ಮಾಡಿದ್ರು.

ಸಾಹೇಬರ ಮೇಲೆ ಕೇಸಾಯ್ತು. ಇನ್ನೂ ನಡೀತಾನೇ ಇದೆ. ತಾರೀಖಿಗೆ ತಾರೀಖು. ಆಯಮ್ಮ ಒಂದಕ್ಕೂ ತಪ್ಪಿಸಲ್ಲ. ಮಾಮನ ಕೆಲಸ ಹೋಯ್ತು, ಆದ್ರೂ ಸಾಕ್ಷಿ ಹೇಳೋಕೆ ಬರ್ತಾರೆ. ಇಳಿಜಾರಲ್ಲಿ ಮತ್ತೆ ಆ ಬೆಳಕು ಕಾಣಲಿಲ್ಲ. ಟಿಕ್ ಟಿಕ್ ಕೂಡ ಇಲ್ಲ.

ಆ ಸೈಕಲ್ಲು ಈಗ ಟೈಲರ್ ಅಂಗಡಿ ಒಳಗಿದೆ. ಸರಿ ಮಾಡಿಕೊಟ್ಟೋನು ನಾನೇ. ಅಕ್ಕ ಕರೆದ್ಲು, ಹೋದೆ. ಚಕ್ರ ಬದಲಾಯಿಸ್ದೆ, ಹ್ಯಾಂಡಲ್ ನೆಟ್ಟಗೆ ಮಾಡ್ದೆ, ಎರಡೂ ಬ್ರೇಕಿಗೆ ನಾಲ್ಕು ಹೊಸ ರಬ್ಬರ್ ಹಾಕ್ದೆ. ಆಯಮ್ಮನಿಗೆ ಸೈಕಲ್ ಹೊಡೆಯೋಕೆ ಬರಲ್ಲ. ಬೇರೆ ಯಾರಿಗೂ ಅದನ್ನ ಮುಟ್ಟೋಕೆ ಬಿಡಲ್ಲ. ಬಟ್ಟೆ ತುಂಡುಗಳ ನಡುವೆ ಗೋಡೆಗೆ ಒರಗಿಸಿಟ್ಟಿದಾರೆ. ರಾತ್ರಿ ಅಂಗಡಿಗೆ ಹೊರಗಿನಿಂದ ಶಟರ್ ಎಳೆದು ಬೀಗ ಹಾಕ್ತಾರೆ.

ಹೋದ ತಿಂಗಳು ಆ ಕಡೆ ಹೋಗಿದ್ದೆ. ಹೆಂಗಿದೆ ನೋಡೋಣ ಅಂತ ಬಗ್ಗಿ ನೋಡ್ದೆ.

ಬ್ರೇಕಿನ ರಬ್ಬರ್ ನಾಲ್ಕೂ ತಗಡು ಕಾಣೋವರೆಗೂ ಸವೆದಿದ್ವು. ರಿಮ್ಮಿನ ಮೇಲೆ ಕಪ್ಪು ಪುಡಿ. ಕೈಗೆ ಹತ್ಕೊಳ್ತು, ಸೋಪು ಹಾಕಿ ತಿಕ್ಕಿದ್ರೂ ಬೇಗ ಹೋಗಲಿಲ್ಲ. ಆಯಮ್ಮ ನನ್ನನ್ನೇ ನೋಡ್ತಿದ್ರು. ಹೊಸ ರಬ್ಬರ್ ತಂದು ಹಾಕಿ ಬಂದೆ.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಹಾಕಿದ್ದು ಈ ಕೈಯಲ್ಲೇ.